ಒಂಬತ್ತು ಅಕ್ಷರ

ಹೆಸರಿಗೆ ತಕರಾರಿಲ್ಲ: ಹುಸ್ಮೆನ್.
ಇಸವಿಗಳಿಗೂ ಇಲ್ಲ, ಅವನ್ನು ಬೆಳಿಗ್ಗೆಯೇ ಕೆತ್ತಿ ಮುಗಿಸಿದ್ದೆ.
ಕೆಳಗೆ ಒಂದು ಗೇಣು ಜಾಗ ಉಳಿದಿತ್ತು.
ಅಲ್ಲಿಗೆ ಬಂದು ನಿಂತರು ಮೂವರೂ,
ಸತ್ತವನು ಏನಾಗಿದ್ದ ಅಂತ ಹೇಳಲು.

ಕೆಶಾನ್ ಪೇಟೆಯಲ್ಲಿ ಗೋರಿಕಲ್ಲು ಕೆತ್ತುವವನು ನಾನೊಬ್ಬನೇ ಅಲ್ಲ.
ಅಕ್ಷರಕ್ಕೆ ಇಷ್ಟು ಅಂತ ಬಾಗಿಲಲ್ಲೇ ಬರೆದು ಹಾಕಿದವನು ನಾನೊಬ್ಬನೇ.
ಚುಕ್ಕೆಗೆ ದುಡ್ಡಿಲ್ಲ.

ಮಗ ಬುರ್ಹಾನ್ ಅಂದ: "ಕ್ಲಾರ್ನೆತ್‌ಚಿ."
ಒಂಬತ್ತಕ್ಷರ. ರೊಟ್ಟಿಯವನಿಗೆ, ಹಾಲಿನವನಿಗೆ,
ಬೀದಿಯಲ್ಲಿ ಗುಜರಿ ಕೂಗುವವನಿಗೆ ನಮ್ಮ ಮಾತು ಹಚ್ಚುವ ಅದೇ ಬಾಲ,
ಖಜಾನೆಯ ಬೆನ್ನಿಗೆ ಅಂಟಿ ಖಜಾಂಚಿಯಾದ ಅದೇ "ಚಿ".
ಮದುವೆಗೆ ಕರೆಯುವವರು ಫೋನಿನಲ್ಲಿ ಹಾಗೇ ಉಳಿಸಿಕೊಂಡಿದ್ದರಂತೆ,
ಏಸಿ ರಿಪೇರಿಯವನ ಪಕ್ಕದಲ್ಲಿ.

ಮೊಮ್ಮಗಳು ಶೆವ್ವಾಲ್ ಎದಿರ್ನೆಯ ಸಂಗೀತ ಶಾಲೆಯಲ್ಲಿ ಕಲಿಯುವವಳು.
ಕೊರಳಪಟ್ಟಿ ಸರಿಮಾಡಿಕೊಂಡು "ಕ್ಲಾರ್ನೆತಿಸ್ತ್" ಅಂದಳು.
"ನಾಳೆ ನನ್ನನ್ನು ಹಾಗೆನ್ನುತ್ತಾರೆ. ತಾತನನ್ನು ಯಾಕಲ್ಲ?"
ಹತ್ತಕ್ಷರ. ಕುರ್ಚಿ ಹಾಕಿ ಕೂರಿಸುವ ಪದ,
ಎದುರಿಗೆ ಕಾಗದದ ಸ್ಟ್ಯಾಂಡು, ಚಪ್ಪಾಳೆಗೆ ಮುಂಚೆ ಒಂದಿಷ್ಟು ಮೌನ.
ಬುರ್ಹಾನ್ ನಕ್ಕ. "ಅಪ್ಪ ಯಾವತ್ತು ಕೂತು ಊದಿದ್ದ?
ಹಣೆಗೆ ಅಂಟಿಸಿದ ನೋಟು ಬೆವರಿಗೆ ಜಾರಬಾರದು ಅಂತ
ಕತ್ತೆತ್ತಿ ನಿಂತೇ ಇರುತ್ತಿದ್ದ."

ಹೆಂಡತಿ ನಾಜಿಯೆ ಅಲ್ಲಿಯವರೆಗೆ ನನ್ನ ಉಳಿಗಳನ್ನು ಎಣಿಸುತ್ತಿದ್ದಳು.
"ಗಿರ್ನತಾಜಿ," ಅಂದಳು.
ಅದು ಅವರ ಕೇರಿಯ ಮಾತು. ಓದಿದವರು ನಗುತ್ತಾರೆ.
ಅದರ "ಇ"ಗೆ ಚುಕ್ಕೆಯಿಲ್ಲ: ಗಂಟಲ ಹಿಂದೆಲ್ಲೋ ಹುಟ್ಟಿ
ತುಟಿಗೆ ಬರುವ ಮೊದಲೇ ಮನಸ್ಸು ಬದಲಿಸುವ ಸ್ವರ,
ಇನ್ನೂ ಒದ್ದೆಯಾಗದ ರೀಡಿನ ಮೊದಲ ಉಸಿರಿನ ಹಾಗೆ.
"ಅಜ್ಜಿ, ಕಲ್ಲಿನ ಮೇಲೆ ಅದಾ?" ಅಂದಳು ಶೆವ್ವಾಲ್, ಮೆಲ್ಲಗೆ.

ಆಗ ಬುರ್ಹಾನ್ ಜೇಬಿನಿಂದ ಆಸ್ಪತ್ರೆಯ ಕಾಗದ ತೆಗೆದ.
ಹೆಸರು, ವಯಸ್ಸು, ರಕ್ತದ ಗುಂಪು.
ಉದ್ಯೋಗ: ಇಲ್ಲ.

ಐವತ್ತೊಂದು ವರ್ಷ. ಎಷ್ಟು ಮದುವೆ, ಎಷ್ಟು ಸುನ್ನತಿಯ ಔತಣ,
ಸೈನ್ಯಕ್ಕೆ ಹೊರಟ ಎಷ್ಟು ಹುಡುಗರ ಬಸ್ಸಿನ ಮುಂದೆ
ರಬ್ಬರ್ ಬ್ಯಾಂಡಿನಲ್ಲಿ ಕೀಲಿ ಬಿಗಿದ ಆ ಲೋಹದ ಕೊಳವೆ!
ಇಲ್ಲ, ಅಂತ ಬರೆದಿದ್ದರು ಯಾರೋ, ದುಂಡಗೆ, ಒತ್ತಿ.
ಮೂವರೂ ಆ ಒಂದು ಪದವನ್ನೇ ನೋಡುತ್ತ ನಿಂತರು.
ಆಮೇಲೆ ಜಗಳವಾಡಿಕೊಂಡೇ ಹೊರಟುಹೋದರು.

ಸಂಜೆ ನಾಜಿಯೆ ಒಬ್ಬಳೇ ಬಂದಳು,
ಕರವಸ್ತ್ರದ ಗಂಟಿನಲ್ಲಿ ಒಂಬತ್ತು ಅಕ್ಷರದ ದುಡ್ಡು.
"ಮಗನದೂ ಒಂಬತ್ತೇ," ಅಂದೆ.
"ನನಗೆ ಓದಲು ಬರುವುದಿಲ್ಲ," ಅಂದಳು,
"ಅವನದು ಕೆತ್ತಿ ನನ್ನದು ಅಂದರೂ ನಂಬಬೇಕು.
ಅದಕ್ಕೇ ಮುಗಿಯುವ ತನಕ ಇಲ್ಲೇ ಕೂರುತ್ತೇನೆ."
ಕೂತಳು. ಒಂದೊಂದು ಅಕ್ಷರಕ್ಕೂ ಏನಿದು ಅಂತ ಕೇಳಿದಳು,
ನಾನು ಸದ್ದು ಹೇಳಿದೆ, ಅವಳು ಬಾಯಲ್ಲಿಟ್ಟು ನೋಡಿದಳು.
ಚುಕ್ಕೆ ಕೊರೆಯುವ ಬೈರಿಗೆ ಪೆಟ್ಟಿಗೆಯಿಂದ ಹೊರಬರಲೇ ಇಲ್ಲ.

ಕತ್ತಲಾಗುವಾಗ ಕೇಳಿದಳು: ಪದದ ಕೆಳಗೊಂದು ಗುಳಿ ತೋಡುತ್ತೀಯಾ?
ಹಕ್ಕಿಗೆ ನೀರಿಡಲು ಎಲ್ಲರೂ ಕೇಳುತ್ತಾರೆ,
ಅದಕ್ಕೆ ಮಲಗಿಸುವ ಕಲ್ಲು ಬೇರೆ ಇದೆ, ಅಂದೆ.
"ಹಕ್ಕಿಗಲ್ಲ. ಊದುವಾಗ ಒಂಬತ್ತು ಬೆರಳು ಆಡುತ್ತವೆ.
ಬಲಗೈ ಹೆಬ್ಬೆರಳು ಏನೂ ನುಡಿಸುವುದಿಲ್ಲ,
ಅಡಿಯಲ್ಲಿ ನಿಂತು ಇಡೀ ಭಾರ ಹೊರುತ್ತದೆ.
ಮೈ ತೊಳೆದವನು ಅಲ್ಲಿನ ಗಂಟು ಮುಟ್ಟಿ
ಇದೇನು ಹಳೇ ಗಾಯವೇ ಅಂತ ಕೇಳಿದನಂತೆ."

ತೋಡಿದೆ. ನನ್ನ ಬಾಗಿಲಲ್ಲಿ ಗುಳಿಗೆ ದರ ಬರೆದಿಲ್ಲ.
ಅರ್ಧ ಅಕ್ಷರ ಅಂತ ಹಿಡಿದೆ.
ಚೌಕಾಸಿ ಮಾಡದೆ ಕೊಟ್ಟಳು.